ಹನ್ನೊಂದನೇ ಮಂಚದ ಉಸಿರು

ಮಾರ್ಗದರ್ಶನದ ಮೇಡಂ ತರಗತಿಯೊಳಗೆ ಕಾಲಿಟ್ಟರೆ ಹಿಂದಿನ ಬೆಂಚಿನ ಸೋಮಾರಿಗಳೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಹೆದರಿಕೆಯಿಂದಲ್ಲ, ಆಕೆ ಗದರಿದ್ದನ್ನು ಯಾರೂ ಕಂಡಿರಲಿಲ್ಲ. ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿ ಯಾರು ಯಾವ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬೇಕು, ಮುಂದೆ ಯಾವ ವಿಭಾಗ ಹಿಡಿಯಬೇಕು ಎಂಬುದನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬಗೆಹರಿಸುವವರು ಆಕೆಯೇ. ಆ ಸೋಮವಾರ ಆಕೆ ಎಲ್ಲರ ಮುಂದೆಯೂ ಒಂದೊಂದು ಹಳದಿ ಫಾರಂ ಇಟ್ಟರು. ಮೇಲೊಂದು ಗೆರೆ ಪ್ರಾಜೆಕ್ಟಿನ ವಿಷಯಕ್ಕೆ, ಕೆಳಗೊಂದು ಗೆರೆ ಮುಂದಿನ ವಿಭಾಗಕ್ಕೆ, ಅದರಡಿ ವಾರ್ಡ್ ಸಿಸ್ಟರ್ ಸಹಿ. ಗಡುವು ಹದಿನೈದು ದಿನ.

"ಯಾವ ವಿಭಾಗ ಇಷ್ಟ ಅಂತ ನಾನು ಕೇಳ್ತಿಲ್ಲ. ಇಷ್ಟ ಅನ್ನೋದು ಮೂರು ತಿಂಗಳಿರುತ್ತೆ. ಎಲ್ಲಿ ಕೆಲಸ ಮಾಡಿ ಕಾಲು ಸೇದಿದ್ರೂ ಮಾರನೇ ದಿನ ಎದ್ದು ಹೋಗ್ತೀರೋ ಅದನ್ನ ಬರೀರಿ. ವಿಷಯನೂ ಅಷ್ಟೇ. ಇಂಟರ್ನೆಟ್ಟಲ್ಲಿ ಸಿಕ್ಕಿದ್ದು ಬೇಡ. ವಾರ್ಡಲ್ಲಿ ನಿಮ್ಮನ್ನ ಕಾಡಿದ್ದು ಬೇಕು," ಎಂದರು ಮೇಡಂ.

ಮೂರನೇ ಬೆಂಚಿನಲ್ಲಿ ಕೂತಿದ್ದ, ಎಲ್ಲರೂ ಗಡಿಬಿಡಿ ಎಂದೇ ಕರೆಯುವ ಹುಡುಗಿ, ಮೇಡಂ ಮಾತು ಮುಗಿಸುವಷ್ಟರಲ್ಲಿ ಎರಡೂ ಗೆರೆ ತುಂಬಿಸಿಬಿಟ್ಟಿದ್ದಳು. ವಿಷಯ: ತೀವ್ರ ನಿಗಾ ಘಟಕದಲ್ಲಿ ಆಧುನಿಕ ಯಂತ್ರಗಳು ಮತ್ತು ದಾದಿಯರ ಪಾತ್ರ. ವಿಭಾಗ: ಐಸಿಯು. ವಿಷಯ ಇಂಟರ್ನೆಟ್ಟಿನಲ್ಲೇ ಸಿಕ್ಕಿದ್ದು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಹಾಸ್ಟೆಲಿನವರು ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಸ್ನಾನ, ತಿಂಡಿ, ಜಡೆ, ಸಮವಸ್ತ್ರ ಎಲ್ಲ ಸೇರಿ ಹದಿನೆಂಟು ನಿಮಿಷ. ಹಾಸಿಗೆಯಲ್ಲಿ ರೋಗಿ ಮಲಗಿದ್ದಂತೆಯೇ ಅಡಿಯ ಚಾದರ ಬದಲಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದವಳು, ಅಲ್ಲಿಂದ ಇಲ್ಲಿವರೆಗೂ ನಿಂತೇ ಇಲ್ಲ ಎಂದು ಅವಳ ಅಕ್ಕ ಛೇಡಿಸುತ್ತಿದ್ದಳು. ಅಕ್ಕ ದರ್ಜಿ. ಅಪ್ಪ ಅಮ್ಮ ಇಬ್ಬರೂ ಇಲ್ಲವಾದ ಮೇಲೆ ತನ್ನ ಓದು ಅರ್ಧಕ್ಕೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು. ತಂಗಿಯ ನಾಲ್ಕು ಜೊತೆ ಬಿಳಿ ಸಮವಸ್ತ್ರವನ್ನೂ ಅವಳೇ ಹೊಲಿದಿದ್ದಳು, ಜೇಬಿಗೆ ಮಾತ್ರ ಎರಡೆರಡು ಹೊಲಿಗೆ. ಒಂದು ತಂಡದಿಂದ ಒಬ್ಬರಿಗೆ ಮಾತ್ರ ಸಿಗುವ ಐಸಿಯು ತರಬೇತಿಯ ಸೀಟು ತನ್ನ ತಂಗಿಗೇ ಎಂದು ಆಗಲೇ ಬೀದಿಗೆಲ್ಲ ಡಂಗುರ ಸಾರಿದ್ದಳು. ಸೀಟಿಗೆ ಬೇಕಾದದ್ದು ಒಂದೇ, ವಾರ್ಡ್ ಸಿಸ್ಟರ್ ಸಹಿ.

ಆ ವಾರ್ಡ್ ಸಿಸ್ಟರಿಗೂ ಹುಡುಗಿಯರು ಒಂದು ಹೆಸರಿಟ್ಟಿದ್ದರು: ಕಿಟಕಿ ಸಿಸ್ಟರ್. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆಕೆ ಪ್ರತಿ ರೋಗಿಯ ಬಳಿಯೂ ಅವರ ಮಣಿಕಟ್ಟು ಹಿಡಿದು, ಕಿಟಕಿಯ ಕಡೆ ಮುಖ ಮಾಡಿ, ಮಾತಿಲ್ಲದೆ ನಿಂತುಬಿಡುತ್ತಿದ್ದರು. ನಾಡಿ ನೋಡಲು ಅಷ್ಟು ಹೊತ್ತು ಏಕೆ? ಬೆರಳಿಗೆ ಕ್ಲಿಪ್ ಸಿಕ್ಕಿಸಿದರೆ ಯಂತ್ರವೇ ಹೇಳುತ್ತದೆ. "ಕಿಟಕಿ ಆಚೆ ಹಳೇ ಪ್ರೀತಿ ಏನಾದ್ರೂ ನಿಂತಿದೆಯೇನೋ," ಎಂದು ಗಡಿಬಿಡಿಯೇ ಎಷ್ಟೋ ಸಲ ಕಿಸಕ್ಕೆಂದಿದ್ದಳು.

ವಾರ್ಡಿನ ಮೂವತ್ತೆರಡು ಮಂಚಗಳಲ್ಲಿ ಬೆಳಗಿನ ಪಾಳಿಯಲ್ಲಿ ಗಡಿಬಿಡಿಯ ಪಾಲಿಗೆ ಹದಿನಾರು. ಜ್ವರ, ನಾಡಿ, ರಕ್ತದೊತ್ತಡ, ಉಸಿರು, ಈ ನಾಲ್ಕನ್ನೂ ನೋಡಿ ಮಂಚದ ತುದಿಯ ಪಟ್ಟಿಯಲ್ಲಿ ಬರೆಯಬೇಕು. ಮೊದಲ ಮೂರಕ್ಕೆ ಯಂತ್ರವಿತ್ತು. ಉಸಿರಿಗೆ ಮಾತ್ರ ಆ ವಾರ್ಡಿನಲ್ಲಿ ಯಂತ್ರವಿರಲಿಲ್ಲ, ಪೂರ್ತಿ ಒಂದು ನಿಮಿಷ ನಿಂತು ಎದೆ ಏರಿಳಿಯುವುದನ್ನು ಎಣಿಸಬೇಕು. ಹದಿನಾರು ಮಂಚಕ್ಕೆ ಹದಿನಾರು ನಿಮಿಷ! ಗಡಿಬಿಡಿಗೆ ಅದೊಂದು ಯುಗ. ಹೀಗಾಗಿ ಎಲ್ಲರ ಉಸಿರೂ ಇಪ್ಪತ್ತು. ಅವಳೊಬ್ಬಳೇ ಅಲ್ಲ, ಹಿಂದಿನ ಪಾಳಿಯವರೂ ಇಪ್ಪತ್ತು, ಮುಂದಿನವರೂ ಇಪ್ಪತ್ತು. ಸೀನಿಯರುಗಳು ಹೇಳಿಕೊಡದೆಯೇ ಕಲಿಸಿದ ಪಾಠ ಅದು. ಪಟ್ಟಿ ನೋಡಿದರೆ ವಾರ್ಡಿಗೆ ವಾರ್ಡೇ ಒಂದೇ ತಾಳಕ್ಕೆ ಉಸಿರಾಡುತ್ತಿದೆ ಅನ್ನಿಸಬೇಕು.

ಬುಧವಾರ ಏಳೂವರೆಗೆ ಹನ್ನೊಂದನೇ ಮಂಚದಲ್ಲೂ ಅವಳು ಇಪ್ಪತ್ತು ಎಂದೇ ಬರೆದಳು. ಅಲ್ಲಿದ್ದವರು ಬೀಗದ ಅಜ್ಜ. ಬೀಗ ರಿಪೇರಿ, ಕಳೆದ ಕೀಲಿಗೆ ಜೋಡಿ ಕೀಲಿ ಮಾಡುವ ಕಸುಬಿನವರು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕನೇ ದಿನ. ಬಾಯಿ ಜೋರು. ಅಂದು ಮಾತ್ರ ಅಜ್ಜ ಅವಳನ್ನು ನೋಡಿ ಒಂದು ಮಾತೂ ಆಡಲಿಲ್ಲ. ಪಾಪ, ನಿದ್ದೆಗಣ್ಣು ಎಂದುಕೊಂಡು ಅವಳು ಹನ್ನೆರಡಕ್ಕೆ ಹಾರಿದಳು.

ಎಂಟಕ್ಕೆ, ಮೂರು ದಿನದ ರಜೆ ಮುಗಿಸಿದ ಕಿಟಕಿ ಸಿಸ್ಟರ್ ಬಂದು ಅಜ್ಜನ ಮಣಿಕಟ್ಟು ಹಿಡಿದು ಕಿಟಕಿಯ ಕಡೆ ತಿರುಗಿದರು. ಒಂದು ನಿಮಿಷ ಕಳೆದ ಮೇಲೆ ಕೈ ಬಿಡದೆಯೇ ಹೇಳಿದರು, "ಡಾಕ್ಟರನ್ನ ಕರಿ. ಓಡು. ಉಸಿರು ಮೂವತ್ತೆರಡಿದೆ."

ಗಡಿಬಿಡಿ ಓಡಿದಳು. ಓಡುವುದು ಅವಳಿಗೆ ಬರುತ್ತಿತ್ತು.

ಡಾಕ್ಟರು ಬಂದು ಸ್ಟೆತಸ್ಕೋಪ್ ಕಿವಿಗಿಟ್ಟುಕೊಳ್ಳುತ್ತಲೇ ಪಟ್ಟಿ ನೋಡಿದರು. ಏಳೂವರೆಗೆ ಇಪ್ಪತ್ತು. ಎಂಟಕ್ಕೆ ಮೂವತ್ತೆರಡು. ಅವರ ಹುಬ್ಬು ಗಂಟಿಕ್ಕಿತು. "ಅರ್ಧ ಗಂಟೇಲಿ ಹೀಗೆ ಏರಿದೆ ಅಂದ್ರೆ ಕಾಲಿಂದ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬೇಕು. ಸ್ಕ್ಯಾನಿಗೆ ಇನ್ನೂ ಒಂದು ಗಂಟೆ ಕಾಯ್ಬೇಕು. ಅಷ್ಟು ಹೊತ್ತು ಕೂರೋಕಾಗಲ್ಲ. ರಕ್ತ ತೆಳುವಾಗೋ ಇಂಜೆಕ್ಷನ್ ತಯಾರು ಮಾಡಿ. ಹೊಟ್ಟೆ ಗಾಯ ಇನ್ನೂ ಹಸಿ, ರಕ್ತ ಸೋರೋ ಭಯ ಇದೆ. ಆದ್ರೂ ಬೇರೆ ದಾರಿ ಇಲ್ಲ," ಎಂದರು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಏಳೂವರೆಗೆ ಇಪ್ಪತ್ತೇ ಇತ್ತಲ್ವಾ, ಖಚಿತನಾ?" ಎಂದು ಕೇಳಿದರು.

"ನಾನು ಎಣಿಸಿದ್ದು ಎಂಟರದ್ದು," ಎಂದರು ಸಿಸ್ಟರ್. "ಏಳೂವರೆದನ್ನ ಬರೆದವಳು ಇಲ್ಲೇ ಇದಾಳೆ. ಅವಳೇ ಹೇಳ್ತಾಳೆ."

ಗಡಿಬಿಡಿ ಪಟ್ಟಿಯ ಕಡೆ ನೋಡಿದಳು. ಹೌದು ಎಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಫಾರಂಗೆ ಸಹಿಯೂ ಬೀಳುತ್ತದೆ. ಅಲ್ಲ ಎಂದರೆ ಐಸಿಯು ಕೈತಪ್ಪಿದಂತೆಯೇ. ಡಾಕ್ಟರು ಕಾಯುತ್ತಿದ್ದರು. ಸಿಸ್ಟರ್ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಮಂಚದಲ್ಲಿ ಅಜ್ಜನ ಕೊರಳಿನ ಕುಳಿ ಪ್ರತಿ ಉಸಿರಿಗೂ ಒಳಗೆ ಎಳೆದುಕೊಳ್ಳುತ್ತಿತ್ತು. ಇಷ್ಟು ಕಣ್ಣಿಗೆ ಹೊಡೆಯುವುದನ್ನು ತಾನು ನೋಡಿರಲೇ ಇಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ನಾನು ಎಣಿಸಲಿಲ್ಲ ಸರ್. ಸುಮ್ನೆ ಬರೆದೆ," ಎಂದಳು. ಅಲ್ಲಿಗೂ ನಿಲ್ಲದೆ, "ಹಿಂದಿನ ಎರಡು ದಿನದ ಬೆಳಗಿಂದೂ ನಂದೇ. ಅವೂ ಸುಳ್ಳು," ಎಂದಳು.

ಡಾಕ್ಟರು ಅವಳನ್ನು ನೋಡಿದ ನೋಟವನ್ನು ಅವಳು ಬದುಕಿರುವ ತನಕ ಮರೆಯಲಾರಳು. ಆದರೆ ಬೈಯಲು ಅವರು ಸಮಯ ಹಾಳು ಮಾಡಲಿಲ್ಲ. "ಹಾಗಾದ್ರೆ ಇದು ಅರ್ಧ ಗಂಟೇಲಿ ಏರಿದ್ದಲ್ಲ," ಎಂದು ಇಂಜೆಕ್ಷನ್ ತಡೆದರು. ಅಜ್ಜನನ್ನು ಕೂರಿಸಿ ಬೆನ್ನಿನ ಕೆಳಭಾಗಕ್ಕೆ ಮತ್ತೆ ಸ್ಟೆತಸ್ಕೋಪ್ ಇಟ್ಟು ತಾಳ್ಮೆಯಿಂದ ಆಲಿಸಿದರು, ಎಕ್ಸ್‌ರೇ ಯಂತ್ರವನ್ನು ಮಂಚದ ಬಳಿಗೇ ತರಿಸಿದರು. ರಕ್ತ ಹೆಪ್ಪುಗಟ್ಟಿರಲಿಲ್ಲ. ಜ್ವರವನ್ನೂ ತೋರಗೊಡದೆ ಎರಡು ದಿನದಿಂದ ಒಳಗೊಳಗೇ ಬಲಿಯುತ್ತಿದ್ದ ನ್ಯುಮೋನಿಯಾ. ಆಮೇಲೆ ಮಾಡಿದ ಸ್ಕ್ಯಾನೂ ಅದನ್ನೇ ಹೇಳಿತು. ಆಮ್ಲಜನಕ, ಬೇರೆ ಔಷಧ ಶುರುವಾಯಿತು, ಒಂದು ವಾರದಲ್ಲಿ ಅಜ್ಜ ಎದ್ದು ಕೂತು ಎಲ್ಲರ ಕಾಲೆಳೆಯುವಂತಾದರು.

ಅಂದು ಸಂಜೆ ಅವಳು ಔಷಧದ ಕೋಣೆಯಲ್ಲಿ ಒಬ್ಬಳೇ ಅಳುತ್ತಿದ್ದಾಗ ಸಿಸ್ಟರ್ ಒಳಗೆ ಬಂದರು. ಸಮಾಧಾನ ಮಾಡಲಿಲ್ಲ.

"ನನ್ನ ಕೈ ಹಿಡಿ," ಎಂದರು. "ಕಿಟಕಿ ಕಡೆ ತಿರುಗು. ಈಗ ಕಣ್ಣಂಚಲ್ಲಿ ನನ್ನ ಎದೆ ನೋಡು. ಉಸಿರು ಎಣಿಸ್ತೀನಿ ಅಂತ ಗೊತ್ತಾದ್ರೆ ಯಾರೂ ಮಾಮೂಲಾಗಿ ಉಸಿರಾಡಲ್ಲ ಕಣಮ್ಮ. ಬಿಗಿ ಹಿಡೀತಾರೆ, ಇಲ್ಲಾ ಜೋರಾಗಿ ಎಳೀತಾರೆ. ನಾಡಿ ನೋಡ್ತಿದಾಳೆ ಅಂದ್ಕೊಂಡ್ರೆ ಮಾತ್ರ ನಿಜ ಹೊರಗೆ ಬರುತ್ತೆ."

ಗಡಿಬಿಡಿ ಬೆಪ್ಪಾದಳು. ಮೂರು ವರ್ಷ ತಾನು ನಕ್ಕಿದ್ದು ಇದಕ್ಕೆ. ಪಾಳಿಗೆ ಬಂದ ಒಂದು ದಿನವೂ ತಪ್ಪದೆ, ಯಾರ ಕಣ್ಣಿಗೂ ಬೀಳದಂತೆ, ಮೂವತ್ತೆರಡು ಮಂಚಕ್ಕೂ ತಲಾ ಒಂದು ನಿಮಿಷ ನಿಂತ ಹೆಂಗಸು ಇವರು. ಹೊಗಳಿಕೆ ಬೇಡ, ಹೆಸರು ಬೇಡ, ಹುಡುಗಿಯರ ನಗೆಗೂ ಸೊಪ್ಪು ಹಾಕಲಿಲ್ಲ. ಸಿಸ್ಟರ್ ಕಾಲಿಗೆ ಬಿದ್ದುಬಿಡೋಣ ಅನ್ನಿಸಿತು ಅವಳಿಗೆ. ಬಿದ್ದಿದ್ದರೆ ಸಿಸ್ಟರ್ ಬೈಯುತ್ತಿದ್ದರು, ನೆಲ ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದು.

ಮಾರನೇ ದಿನ ಅವಳು ಮಾರ್ಗದರ್ಶನದ ಮೇಡಂ ಎದುರು ಕೂತು ವಾರ್ಡಿನ ಸಂಗತಿ ಬಿಚ್ಚಿಟ್ಟು ಫಾರಂನ ಮೇಲಿನ ಗೆರೆ ಹೊಡೆದುಹಾಕಿದಳು. ಹೊಸ ವಿಷಯ ಬರೆದಳು: ನಾವು ಉಸಿರನ್ನು ಎಣಿಸದೆ ಬರೆಯುವುದೇಕೆ?

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇದರ ಮೇಲೆ ಪುಸ್ತಕಗಳಿವೆ, ಲೇಖನಗಳಿವೆ, ನಾನೇ ಕೊಡ್ತೀನಿ. ಆದ್ರೆ ನಿನ್ನ ಕಥೆ ಬಿಟ್ಟು ಬೇರೆಯವರದ್ದು ಬರೆದ್ರೆ ಅದು ಚಾಡಿ ಆಗುತ್ತೆ. ಮೊದಲ ಸಾಲಲ್ಲಿ ನೀನೇ ಇರಬೇಕು. ಆ ರೋಗಿಗೆ ನಡೆದಿದ್ದೆಲ್ಲ ಹೇಳಿ, ಅವರ ಒಪ್ಪಿಗೆ ಪತ್ರಕ್ಕೆ ಸಹಿ ತರಬೇಕು. ಆಗುತ್ತಾ?"

"ಆಗುತ್ತೆ ಮೇಡಂ."

"ಕೆಳಗಿನ ಗೆರೆ?"

ಗಡಿಬಿಡಿ ಐಸಿಯು ಎಂಬುದನ್ನೂ ಹೊಡೆದಳು. ಅಲ್ಲಿ ಏನೂ ಬರೆಯಲಿಲ್ಲ. "ನನಗೆ ಈ ಕೆಲಸವೇ ಬೇಡ ಅನ್ನಿಸ್ತಿದೆ. ಅಕ್ಕನ ಜೊತೆ ಕಾಜಾ ಗುಂಡಿ ಹಾಕ್ಕೊಂಡು ಇರ್ತೀನಿ. ಅಲ್ಲಿ ತಪ್ಪಾದ್ರೆ ಬಿಚ್ಚಿ ಹೊಲೀಬಹುದು," ಎಂದಳು.

ಮೇಡಂ ಬುದ್ಧಿ ಹೇಳಲು ಹೋಗಲಿಲ್ಲ. "ಗಡುವು ಇನ್ನೂ ಇದೆ," ಎಂದಷ್ಟೇ ಹೇಳಿ ಫಾರಂ ವಾಪಸು ಕೊಟ್ಟರು.

ಅವಳು ಅದನ್ನು ವಾರ್ಡಿಗೆ ಒಯ್ದಾಗ ಸಿಸ್ಟರ್ ಹೊಸ ವಿಷಯ ಓದಿದರು, ಖಾಲಿ ಗೆರೆಯನ್ನೂ ನೋಡಿದರು. "ಐಸಿಯುಗಾದ್ರೆ ಈ ವರ್ಷ ನಾನು ಸಹಿ ಹಾಕ್ತಿರಲಿಲ್ಲ," ಎಂದರು ನೇರವಾಗಿ. "ಆ ಗೆರೆ ತುಂಬಿಸ್ಕೊಂಡು ಬಾ, ಆಮೇಲೆ ನೋಡೋಣ." ಸೀಟು ಬೇರೆ ಹುಡುಗಿಯ ಪಾಲಾಯಿತು. ಆ ದಿನ ಫೋನಿನಲ್ಲಿ ಅಕ್ಕನ ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತಿತು. ಎಲ್ಲ ಕೇಳಿಸಿಕೊಂಡ ಅಕ್ಕ ಕೊನೆಗೆ, "ಬೀದಿಯವರಿಗೆ ನಾನು ಏನೋ ಹೇಳ್ಕೋತೀನಿ ಬಿಡೇ. ನೀನು ಆ ಅಜ್ಜನಿಗೆ ಹೇಳಿದ್ಯಾ?" ಎಂದಳು.

ಹೇಳಿರಲಿಲ್ಲ. ಅದೇ ಕಷ್ಟವಾಗಿತ್ತು. ಏಕೆಂದರೆ ಅಜ್ಜನ ಮನೆಯವರು ಡಾಕ್ಟರಿಗಾಗಿ ಓಡಿದ ಹುಡುಗಿ ಇವಳೇ ಎಂದು ಎಲ್ಲಿಂದಲೋ ತಿಳಿದುಕೊಂಡಿದ್ದರು. ಅಜ್ಜನ ಸೊಸೆ ಅವಳ ಎರಡೂ ಕೈ ಹಿಡಿದು, "ನಮ್ಮ ಮಾವನ್ನ ಉಳಿಸಿದೆ ತಾಯಿ," ಎಂದು ಕಣ್ಣೀರು ಹಾಕಿದ್ದಳು. ಅಜ್ಜನೂ ಅವಳನ್ನು ಕಂಡೊಡನೆ, "ಬಂದ್ಲು ನೋಡಿ ನನ್ನ ಪ್ರಾಣದ ಕೀಲಿಕೈ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆ ಕೂಗು ಮುಗಿಯುವ ಮೊದಲೇ ಅವಳು ಮುಂದಿನ ಮಂಚಕ್ಕೆ ಜಾರುತ್ತಿದ್ದಳು.

ಗಡುವಿಗೆ ಮೂರು ದಿನ ಇರುವಾಗ ಅವಳು ಒಪ್ಪಿಗೆ ಪತ್ರ ಹಿಡಿದು ಅಜ್ಜನ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಸುತ್ತುಬಳಸಿ ಹೇಳಲು ಮನಸ್ಸಾಗಲಿಲ್ಲ.

"ಅಜ್ಜ, ನಿಮ್ಮನ್ನ ಉಳಿಸಿದ್ದು ನಾನಲ್ಲ, ಸಿಸ್ಟರ್. ನಾನು ಮೂರು ದಿನ ನಿಮ್ಮ ಉಸಿರು ಎಣಿಸದೇನೇ ಪಟ್ಟೀಲಿ ಸುಳ್ಳು ಬರೆದೆ. ನಾನು ಎಣಿಸಿದ್ರೆ ಎರಡು ದಿನ ಮೊದಲೇ ಗೊತ್ತಾಗ್ತಿತ್ತು. ನನ್ನ ಸುಳ್ಳು ನಂಬಿ ನಿಮಗೆ ತಪ್ಪು ಇಂಜೆಕ್ಷನ್ ಕೊಡೋದ್ರಲ್ಲಿದ್ರು."

ಅಜ್ಜನ ಮುಖದ ನಗು ಮಾಯವಾಯಿತು.

"ಯಾಕೆ?"

"ಬೇಗ ಮುಗೀಲಿ ಅಂತ."

"ನನ್ನ ಮೊಮ್ಮಗಳ ವಯಸ್ಸು ನಿಂಗೆ," ಎಂದರು ಅಜ್ಜ. "ಕಾಗದ ಅಲ್ಲಿಟ್ಟು ಹೋಗು. ನನ್ನ ಕಣ್ಮುಂದೆ ನಿಲ್ಲಬೇಡ."

ಅವಳು ಕಾಗದ ಇಟ್ಟು ಹೊರಟಳು. ಹಾಸ್ಟೆಲಿಗೆ ಹೋಗಿ ಪೆಟ್ಟಿಗೆ ತೆರೆದು ಬಟ್ಟೆ ಮಡಚಿಡಲು ಶುರು ಮಾಡಿದಳು. ಅಕ್ಕ ಹೊಲಿದ ನಾಲ್ಕು ಸಮವಸ್ತ್ರಗಳಲ್ಲಿ ಮೂರು ಪೆಟ್ಟಿಗೆಗೆ ಹೋದವು. ನಾಲ್ಕನೆಯದು ನಾಳಿನ ಪಾಳಿಗೆ ಬೇಕಾಗಿತ್ತು.

ಬೆಳಗ್ಗೆ ಏಳೂವರೆಗೆ ಅವಳು ಒಂದನೇ ಮಂಚದಿಂದ ಶುರು ಮಾಡಿದಳು. ಹನ್ನೊಂದನ್ನು ಬಿಟ್ಟು ಹನ್ನೆರಡಕ್ಕೆ ಹೋದಳು, ಅಜ್ಜನನ್ನು ನೋಡಿಕೊಳ್ಳುವಂತೆ ಗೆಳತಿಗೆ ಮೊದಲೇ ಹೇಳಿಟ್ಟಿದ್ದಳು. ಗೆಳತಿ ಹೋಗಿ ಅಜ್ಜನ ಕೈ ಹಿಡಿಯಲು ನೋಡಿದರೆ ಅಜ್ಜ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

"ನೀನಲ್ಲ. ಅವಳು ಬರ್ಲಿ."

"ಅವಳು ಬೇರೆ ಕಡೆ ಇದಾಳೆ ಅಜ್ಜ, ನಾನೇ ನೋಡ್ತೀನಿ."

"ಅವಳೇ ಬರ್ಬೇಕು ಅಂದೆನಲ್ಲ!" ಅಜ್ಜನ ಹಳೆಯ ಗಂಟಲು ಪೂರ್ತಿ ವಾಪಸು ಬಂದಿತ್ತು. ಮೇಜಿನ ಬಳಿ ಸಿಸ್ಟರ್ ತಲೆ ಎತ್ತಿದರು. "ನೀವು ಮಿಕ್ಕವರೆಲ್ಲ ಏನು ಬರೀತೀರೋ ನಂಗೇನು ಗೊತ್ತು? ಈ ಆಸ್ಪತ್ರೇಲಿ ನನ್ನ ಉಸಿರಿನ ಲೆಕ್ಕದಲ್ಲಿ ಇನ್ನು ಜನ್ಮದಲ್ಲಿ ಸುಳ್ಳು ಬರೆಯದೇ ಇರೋಳು ಅವಳೊಬ್ಬಳೇ. ಕರೀರಿ ಅವಳನ್ನ."

ಗಡಿಬಿಡಿ ಹನ್ನೆರಡರ ಬಳಿ ನಿಂತಲ್ಲೇ ನಿಂತಿದ್ದಳು. ಅಜ್ಜ ಅವಳ ಮುಖ ನೋಡಲಿಲ್ಲ, ಸಹಿ ಹಾಕಿದ ಕಾಗದವನ್ನು ದಿಂಬಿನಡಿಯಿಂದ ತೆಗೆದು ಮಂಚದಂಚಿಗೆ ತಳ್ಳಿ, ಹೊದಿಕೆಯಿಂದ ಕೈ ಹೊರಗೆ ಚಾಚಿದರು.