ಓಗೊಟ್ಟವಳು

ಝಿಕೋರಾ ಸಾಲು ಎತ್ತಿದರೆ ಅದರ ಕೊನೆಯ ಮಾತು ಯಾವತ್ತೂ ಅವಳ ಅಣ್ಣ ಡುಬೆಮನದು. ಅಬಾ ಪಟ್ಟಣದ ಚಪ್ಪಲಿ ಬಜಾರಿನಲ್ಲಿ, ಅಂಟಿನ ವಾಸನೆಯ ನಡುವೆ, ಹದಿನಾರರ ಹುಡುಗಿ ಮರದ ಪೆಟ್ಟಿಗೆ ಹತ್ತಿ ರ‍್ಯಾಪ್ ಶುರುಮಾಡಿದ ದಿನದಿಂದಲೂ ಹಾಗೆಯೇ. ಅವಳು ಮುಕ್ಕಾಲು ಹೇಳಿ ಕೈ ಚಾಚುವಳು, ಅವನು ಉಳಿದದ್ದನ್ನು ಕೂಗಿ ಮುಗಿಸುವನು. ಮದುವೆ ಮನೆ, ಕಾಲೇಜು, ರೇಡಿಯೋ ಸ್ಪರ್ಧೆ ಎಂದು ಎಂಟು ವರ್ಷ ಇಬ್ಬರೂ ಒಂದೇ ಬಾಯಿಯಂತೆ ಅಲೆದರು. ಲೇಗೋಸಿನ ಕಂಪನಿಯೊಂದು ಮೊದಲ ಆಲ್ಬಮ್ ಮಾಡೋಣ ಬಾ ಎಂದು ಕರೆದ ತಿಂಗಳಲ್ಲೇ ಡುಬೆಮ್ ಎನುಗು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋಗಿಬಿಟ್ಟ.

ಆಮೇಲೂ ಝಿಕೋರಾ ಕೊನೆಯ ಮಾತು ಹೇಳಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೇ ಹಾಡುತ್ತಿದ್ದಳು. ಮನೆಯಲ್ಲೂ ಅದೇ ಅಭ್ಯಾಸವಾಯಿತು. "ಅಮ್ಮಾ, ಸಾರಿಗೆ ಉಪ್ಪು ಸ್ವಲ್ಪ..." ಎಂದು ನಿಲ್ಲಿಸಿ ಬಾಗಿಲ ಕಡೆ ನೋಡುವಳು. "ಕಮ್ಮಿ, ಕಮ್ಮಿ," ಎಂದು ತಾಯಿ ಉಗ್ಬೋಆಕು ಅವಸರದಿಂದ ತುಂಬುವಳು. ಖಾಲಿ ಬಿಟ್ಟ ಜಾಗಕ್ಕೆ ಯಾರಾದರೂ ಬಂದು ಕೂತಾರು ಎಂಬ ಭಯ ತಾಯಿಗೆ.

ಒಂದು ಸಂಜೆ ಉಗ್ಬೋಆಕು ಕಹಿಸೊಪ್ಪನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಹನ್ನೊಂದು ಹಾಡು ಮುಗೀತಮ್ಮಾ. ಕೊನೇದೊಂದೇ ಬಾಕಿ. ಅಣ್ಣನ ಹಳೇ ಫೋನಲ್ಲಿ ಅವನ ದನಿ ಇತ್ತು, ಉಝೋ ಹುಡುಕಿಕೊಟ್ಟ." ಉಝೋ ಎಂದರೆ ಅವಳ ಹಾಡುಗಳ ಧ್ವನಿಮುದ್ರಣ ಮಾಡುವವನು.

"ಡುಬೆಮ್ ಏನಂತಾನೆ?"

"ನನ್ನ ಕರೀತಾನೆ. 'ಝಿಕೋರಾ! ಏ ಝಿಕೋರಾ! ಎಷ್ಟೊತ್ತೇ, ಬಾರೇ!' ಅಂತ. ನಾನು 'ಓ, ಬಂದೆ ಅಣ್ಣಾ' ಅಂತೀನಿ. ಅಲ್ಲಿಂದ ಹಾಡು ಶುರು."

ತಾಯಿಯ ಕೈ ನೀರಿನಲ್ಲೇ ನಿಂತಿತು. "ಅಂದುಬಿಟ್ಯಾ?"

"ಇಲ್ಲ. ನಾಳೆ ರೆಕಾರ್ಡಿಂಗ್ ಇದೆ."

"ಅನ್ನಬೇಡ."

ಸತ್ತವರು ಕರೆದರೆ ಓಗೊಡಬಾರದು. ಓಗೊಟ್ಟವರು ಹಿಂದೆಯೇ ಹೊರಟುಬಿಡುತ್ತಾರೆ. ಉಗ್ಬೋಆಕುವಿನ ಚಿಕ್ಕಮ್ಮ ತೊರೆಯ ಹತ್ತಿರ ನೀರು ತುಂಬುತ್ತಾ ತೀರಿಹೋದ ಗಂಡನ ದನಿಗೆ "ಆಂ?" ಎಂದಿದ್ದಳು, ವಾರ ದಾಟಲಿಲ್ಲ.

"ಅಮ್ಮಾ, ಅದು ಫೋನಿನ ದನಿ ಕಣಮ್ಮಾ. ಚರ್ಚಲ್ಲಿ ಮುಂದಿನ ಬೆಂಚಲ್ಲಿ ಕೂರೋಳು ನೀನು. ಪಾದ್ರಿಗೆ ಹೇಳ್ಲಾ?"

"ಹೇಳ್ಹೋಗು. ಅವರಮ್ಮನೂ ಓಗೊಡ್ತಿರ್ಲಿಲ್ಲ." ಉಗ್ಬೋಆಕು ಸೊಪ್ಪನ್ನು ಹಿಂಡಿದಳು. "ಒಂದ್ಸಲ ಆಗಿದ್ರೆ ದೇವ್ರು ಕೇಳಿಸ್ಕೊಳ್ಳದೆ ಇರ್ತಿದ್ನೇನೋ. ಊರೂರಲ್ಲಿ, ಸ್ಟೇಜು ಸ್ಟೇಜಲ್ಲಿ ಅವನು ಕರೀತಾನೆ, ನೀನು ಬಂದೆ ಬಂದೆ ಅಂತೀಯ. ಒಂದಿನ ಹೋಗಬೇಕಾಗುತ್ತೆ. ನನಗಿರೋದು ನೀನೊಬ್ಳು."

"ಅವನು ಕರೀದೆ ನನಗೆ ಬಾಯೇ ಬರಲ್ಲಮ್ಮಾ. ಅವನಿಲ್ದೆ ಆಲ್ಬಮ್ ಬೇಡ. ಕಂಪನಿಯವರಿಗೆ ಬೇಡ ಅಂತ..." ಅವಳು ಬಾಗಿಲ ಕಡೆ ನೋಡಿದಳು.

ಈ ಸಲ ತಾಯಿಗೆ ಆ ಮಾತನ್ನು ತುಂಬಲು ಮನಸ್ಸು ಬರಲಿಲ್ಲ. ಎಂಟು ವರ್ಷದ ದುಡಿಮೆ ಅದು, ಮಗನದೂ ಸೇರಿ.

ಮರುದಿನ ಅವಳು ತಲೆಗೆ ಬಟ್ಟೆ ಸುತ್ತಿ ಮಗಳ ಜೊತೆಯಲ್ಲೇ ಹೊರಟಳು. ಉಝೋನ ಸ್ಟುಡಿಯೋ ಎಂದರೆ ಮೊಬೈಲ್ ಅಂಗಡಿಯ ಹಿಂದಿನ ಕೋಣೆ, ಸದ್ದು ತಡೆಯಲು ಗೋಡೆ ತುಂಬ ಮೊಟ್ಟೆಯ ರಟ್ಟುಗಳು, ಹೊರಗೆ ಜನರೇಟರಿನ ಗುರುಗುರು.

"ಆ ಕುರ್ಚಿ ಬೇಡ ಅಮ್ಮಾ, ಅದು ಹಿರಿಯರನ್ನೂ ಬೀಳಿಸುತ್ತೆ," ಎಂದು ಉಝೋ ಬೇರೆ ಕುರ್ಚಿ ಎಳೆದು ಅವಳ ಕಿವಿಗೆ ಹೆಡ್‌ಫೋನ್ ಹಾಕಿದ.

ಮೊದಲು ಉಸಿರು ಕೇಳಿಸಿತು. ಓಡಿಬಂದವನ ಉಸಿರು. ಆಮೇಲೆ ಕರೆ. ಹೊಟ್ಟೆಯಿಂದ ಎದ್ದುಬಂದ "ಓ" ಅನ್ನು ಉಗ್ಬೋಆಕು ಹಲ್ಲುಕಚ್ಚಿ ತಡೆದಳು. ಕಣ್ಣೆತ್ತಿ ನೋಡಿದರೆ, ಗಾಜಿನಾಚೆ ಮೈಕಿನ ಮುಂದೆ ನಿಂತ ಮಗಳ ತುಟಿ ಆಗಲೇ ಬಿಚ್ಚಿಕೊಂಡಿತ್ತು. ಅಣ್ಣ ಸತ್ತ ಮೇಲೆ ಇಲ್ಲದ ಬೆಳಕೊಂದು ಆ ಮುಖದಲ್ಲಿ. ಹೊಸ್ತಿಲಾಚೆ ಒಂದು ಕಾಲಿಟ್ಟವಳಂತೆ ಮುಂದಕ್ಕೆ ವಾಲಿದ್ದಳು.

"ನಿಲ್ಸಪ್ಪಾ. ಅವಳನ್ನ ಈಚೆ ಕರಿ," ಎಂದಳು ತಾಯಿ. "ಅವನು ಕರೀಲಿ. ಓಗೊಡೋಳು ನಾನು."

ಉಝೋ ತಲೆ ಕೆರೆದುಕೊಂಡ. "ಅಮ್ಮಾ, ಇದು ರ‍್ಯಾಪ್ ಆಲ್ಬಮ್ಮು..."

"ಅದರಲ್ಲಿ ಅಮ್ಮಂದಿರು ಇರಬಾರ್ದಾ?"

"ಓಗೊಟ್ಟೋರು ಹೋಗ್ತಾರೆ ಅಂದಿದ್ದು ನೀನೇ," ಎಂದಳು ಝಿಕೋರಾ.

"ಅವನು ನಾನು ಹೆತ್ತೋನು ಕಣೇ. ನನಗೆ ಅರವತ್ತು ಹತ್ರ ಬಂತು. ಸರಿ, ಆ ಮೈಕು ಎಲ್ಲಿ ಹಿಡ್ಕೊಳ್ಳೋದು ತೋರ್ಸು."

ಮಗಳು ತಾನೇ ಮೈಕಿನ ಕಂಬವನ್ನು ತಾಯಿಯ ಎತ್ತರಕ್ಕೆ ಇಳಿಸಿದಳು.

ಡುಬೆಮ್ ಕರೆದ. ತಾಯಿ ಗೇಟಿನ ಹತ್ತಿರ ನಿಂತವನಿಗೆ ಹೇಳುವಂತೆಯೇ ಹೇಳಿದಳು: "ಓ, ಮಗನೇ. ಅವಳಿಗೆ ಕೆಲಸ ಇದೆ. ಏನ್ ಬೇಕೋ ನನ್ನ ಕೇಳು."

ಎರಡನೆಯ ಸಲ ಹೇಳಿಸುವ ಧೈರ್ಯ ಉಝೋಗೆ ಬರಲಿಲ್ಲ. ಅದರ ಬೆನ್ನಿಗೇ ಝಿಕೋರಾ ಹಾಡಿದಳು. ಸಾಲುಗಳ ಕೊನೆಯ ಮಾತನ್ನೂ ತಾನೇ ಹೇಳಿದಳು, ಒರಟಾಗಿ, ಹೊಸ ಚಪ್ಪಲಿಯಲ್ಲಿ ನಡೆದಂತೆ.

ಧೂಳುಗಾಳಿಯ ತಿಂಗಳಲ್ಲಿ ಆಲ್ಬಮ್ ಬಂತು. ಆಟೋ, ಅಂಗಡಿ, ಕ್ಷೌರದಂಗಡಿ, ಎಲ್ಲೆಲ್ಲೂ ಡುಬೆಮ್ ಕರೆಯುವನು, ಎಲ್ಲೆಲ್ಲೂ ಉಗ್ಬೋಆಕು ಓಗೊಡುವಳು. ಅವಳನ್ನು ಕಂಡರೆ ಬಜಾರಿನವರು "ಡುಬೆಮನ ಅಮ್ಮಾ, ನಂಗೂ ಒಂದ್ಸಲ ಓ ಅನ್ನಿ!" ಎಂದು ಛೇಡಿಸುವರು. ಝಿಕೋರಾ ಅಕ್ರಾದಿಂದ, ಅಬುಜಾದಿಂದ ಫೋನ್ ಮಾಡುವಳು. ಮಾತುಗಳು ಪೂರ್ತಿ ಇರುತ್ತಿದ್ದವು. ಹಾಡಿನಲ್ಲಿ ಅಣ್ಣನ ಕರೆ ಬರುವಾಗ ಸ್ಟೇಜಿನ ಮೇಲೆ ತುಟಿ ಬಿಗಿದು ನಿಲ್ಲುತ್ತೇನೆ ಎನ್ನುತ್ತಿದ್ದಳು.

ಜನವರಿಯಲ್ಲಿ ಒಮ್ಮೆ ಮೂರು ದಿನ ಕರೆಂಟು ಇರಲಿಲ್ಲ. ಬೀದಿಯಲ್ಲಿ ಒಂದು ಸ್ಪೀಕರೂ ಸದ್ದು ಮಾಡುತ್ತಿರಲಿಲ್ಲ. ಉಗ್ಬೋಆಕು ಬೆಳಗಿನ ವ್ಯಾಪಾರಕ್ಕೆಂದು ಅಲಸಂದೆ ವಡೆ ಕರಿಯುತ್ತಿದ್ದಳು. ಧೂಳಿನ ಮಂಜಿನಲ್ಲಿ ಗೇಟು ಕಾಣುತ್ತಿರಲಿಲ್ಲ. ಅಲ್ಲಿಂದ ಕರೆ ಬಂತು. ಝಿಕೋರಾ ಎಂದಲ್ಲ.

"ಅಮ್ಮಾ!"

ಓಡಿಬಂದವನ ಉಸಿರೂ ಕೇಳಿಸಿತು.

ಅವಳು ಹಲ್ಲು ಕಚ್ಚಲಿಲ್ಲ. "ಓ," ಎಂದಳು. "ಇರು ಮಗನೇ. ಈ ಒಬ್ಬೆ ತೆಗೆದು ಬರ್ತೀನಿ."

ವಡೆಗಳನ್ನು ಒಂದೊಂದಾಗಿ, ನಿಧಾನವಾಗಿ ತೆಗೆದಳು. ಆಮೇಲೆ ಬೋಗುಣಿಯಲ್ಲಿ ಉಳಿದ ಹಿಟ್ಟನ್ನು ನೋಡಿದಳು. ಇನ್ನೂ ಐದಾರು ಒಬ್ಬೆಗೆ ಆಗುವಷ್ಟಿತ್ತು. ಅವಳು ಮುಂದಿನ ಒಬ್ಬೆಯನ್ನು ಎಣ್ಣೆಗೆ ಬಿಟ್ಟು, ನಿಧಾನವಾಗಿ ಬೇಯಲೆಂದು ಉರಿಯನ್ನು ಸಣ್ಣಗೆ ಮಾಡಿದಳು.