ಬೀಗಕ್ಕೆ ಗುರುತಿರುವ ಮುಖ

ಭಾನುವಾರ ಬೆಳಗ್ಗೆ ಸಿಂಕಿನ ಪಕ್ಕ ನಿಂತು ಲಕ್ಷ್ಮಿಯ ಬೆಳ್ಳಿ ಮುಖವನ್ನು ವಿಭೂತಿಯಲ್ಲಿ ಉಜ್ಜುತ್ತಿದ್ದೆ. ಮೂಗಿನ ಪಕ್ಕ, ಕಿವಿಯ ಸಂದು, ಕಿರೀಟದ ಕೆಳಗಿನ ಗುಂಗುರು ಕೂದಲು, ಇಲ್ಲೆಲ್ಲ ಬೆರಳು ಹೋಗುವುದಿಲ್ಲ. ಅದಕ್ಕೆಂದೇ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಇಟ್ಟಿದ್ದೇನೆ. ಹಾಲ್‌ನಲ್ಲಿ ನನ್ನ ಗಂಡ ರೋಹಿತ ನೆಲದ ಮೇಲೆ ಕೂತು ಹೊಸ ಡಬ್ಬಿಯೊಂದನ್ನು ಬಿಚ್ಚುತ್ತಿದ್ದರು. ಡಬ್ಬಿ ಬಿಚ್ಚುವಾಗ ಅವರು ಮಾತಾಡುವುದಿಲ್ಲ. ನಾನು ಯಾವಾಗಲೂ ಅಷ್ಟಾಗಿ ಮಾತಾಡುವುದಿಲ್ಲ. ಹಾಗಾಗಿ ಮನೆಯಲ್ಲಿ ಬ್ರಷ್ಷಿನ ಸದ್ದು ಬಿಟ್ಟರೆ ಪ್ಲಾಸ್ಟಿಕ್ ಹರಿಯುವ ಸದ್ದು.

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಅಮೆರಿಕದ ಈ ಜಾನ್ಸ್ ಕ್ರೀಕ್‌ ಊರಿಗೆ ಬಂದ ಮೇಲೆ ಎರಡು ಶ್ರಾವಣ ಬೇರೆಯವರ ಮನೆಗೆ ಹೋಗಿ, ಕುಂಕುಮ ಇಟ್ಟುಕೊಂಡು, ತಲೆಯಾಡಿಸಿ ಬಂದಿದ್ದೆ. ಅಲ್ಲಿ ಎಲ್ಲರೂ ಓದಿದವರು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ರೋಹಿತ ನನ್ನ ಸೋದರತ್ತೆಯ ಮಗ ಅಲ್ಲದಿದ್ದರೆ ವಿಮಾನವನ್ನು ಮೈಸೂರಿನ ತಾರಸಿಯಿಂದಲೇ ನೋಡುತ್ತಿದ್ದೆ. ಈ ಸಲ ನಾನೇ ಕರೆದಿದ್ದೆ. "ಶುಕ್ರವಾರ ಐದು ಗಂಟೆಗೆ ಅರಿಶಿನ ಕುಂಕುಮಕ್ಕೆ ಬನ್ನಿ" ಎಂಬ ಒಂದೇ ವಾಕ್ಯವನ್ನು ಹದಿನಾಲ್ಕು ಸಲ ರೆಕಾರ್ಡ್ ಮಾಡಿ, ಹದಿಮೂರನ್ನು ಅಳಿಸಿ, ಉಳಿದ ಒಂದನ್ನು ಕಣ್ಣು ಮುಚ್ಚಿಕೊಂಡು ಹೆಂಗಸರ ಗುಂಪಿಗೆ ಕಳಿಸಿದ್ದೆ. ಹನ್ನೊಂದು ಜನ ಬರುತ್ತೇವೆಂದರು. ಇದು ಕೆಟ್ಟರೆ ಇನ್ನೊಮ್ಮೆ ಕರೆಯುವ ಧೈರ್ಯ ನನಗೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

"ನೀಲಾ, ಬಾ ಇಲ್ಲಿ! ಇವತ್ತಿನ ಡಿಸ್ಕವರಿ!"

ರೋಹಿತ ದಿನಕ್ಕೊಂದು ಹೊಸದು ಕಂಡುಹಿಡಿದು, ಫೋಟೋ ಸಮೇತ ತಮ್ಮ ಸ್ನೇಹಿತರ ಗುಂಪಿಗೆ ಬರೆಯುತ್ತಾರೆ. ಚಪ್ಪಾಳೆ ತಟ್ಟಿದರೆ ಹತ್ತುವ ದೀಪ ತಂದಿದ್ದರು. ಜಯಾ ಆಂಟಿ ಭಜನೆ ಹೇಳಿಕೊಡಲು ಬಂದ ದಿನ ಅದು ಹತ್ತಿ ಆರಿ, ಹತ್ತಿ ಆರಿ, ಆಂಟಿಗೆ ತಲೆ ಸುತ್ತು ಬಂತು. ತಾನೇ ಓಡಾಡಿ ಕಸ ಗುಡಿಸುವ ಯಂತ್ರ ತಂದಿದ್ದರು. ಅದು ದೇವರ ಮುಂದಿನ ರಂಗೋಲಿಯನ್ನು ತಿಂದು, ನಾಲ್ಕು ಕೋಣೆಗೂ ತೆಳ್ಳಗೆ ಹಂಚಿತು.

ಈ ಸಲ ಬೀಗ. ಮುಂಬಾಗಿಲಿನದು. ಮುಖ ನೋಡಿ ತೆರೆಯುತ್ತದಂತೆ.

"ಕೀ ಎಲ್ಲಿ ಹಾಕೋದು?" ಎಂದೆ.

"ಕೀ ಹೋಲೇ ಇಲ್ಲ!" ಎಂದರು, ಅದೇ ಅದರ ಹೆಚ್ಚುಗಾರಿಕೆ ಎಂಬಂತೆ. "ನಂಬರ್ ಕೋಡ್ ಇತ್ತು, ಆಫ್ ಮಾಡಿಬಿಟ್ಟೆ. ಅದೆಲ್ಲಾ ಹಳೇ ಕಾಲದ್ದು. ನನ್ನ ಫೇಸ್ ಆಯ್ತು. ಈಗ ನೀನು. ಹತ್ತು ಸೆಕೆಂಡ್ ನೇರ ನೋಡು, ಅಷ್ಟೇ."

ಬೀಗಕ್ಕೊಂದು ಕಪ್ಪು ಕಣ್ಣು. ನಾನು ಅದನ್ನು ನೋಡಿದೆ. ಅದೂ ನನ್ನನ್ನು ನೋಡಿತು. ನಾಲ್ಕನೇ ಸೆಕೆಂಡಿಗೆ ನನ್ನ ಕಣ್ಣು ತಾನಾಗಿ ಕಾಲ್ಬೆರಳಿಗೆ ಇಳಿಯಿತು. ಕೆಂಪು ದೀಪ.

"ಕೆಳಗೇನಿದೆ? ಉಂಗುರ ಬಿದ್ದಿದ್ಯಾ? ಮತ್ತೆ ನೋಡು."

ಆರು ಸಲ ಆಯಿತು. ಆರು ಸಲವೂ ಕೆಂಪು. ರೋಹಿತರಿಗೆ ಬೀಗದ ಮೇಲೇ ಅನುಮಾನ ಬಂತು. ಸಾಫ್ಟ್‌ವೇರಿನವರು, ಅನುಮಾನ ಬಂದರೆ ಟೆಸ್ಟ್ ಮಾಡದೆ ಬಿಡುವುದಿಲ್ಲ. ಸುತ್ತ ನೋಡಿದರು, ನನ್ನ ಕೈಯಲ್ಲಿದ್ದ ಲಕ್ಷ್ಮಿಯ ಮುಖವನ್ನು ತೆಗೆದುಕೊಂಡು ಬೀಗದ ಮುಂದೆ ಹಿಡಿದರು. ಮೊದಲನೇ ಸಲಕ್ಕೇ ಹಸಿರು ದೀಪ.

"ನೋಡು, ಎಷ್ಟು ಸ್ಟೆಡಿ! ಕಣ್ಣೇ ಅಲ್ಲಾಡಿಸಲಿಲ್ಲ."

"ಅದು ಬೆಳ್ಳಿ ರೀ."

"ಅಂದ್ರೆ ಸೆನ್ಸರ್ ಸರಿಯಾಗಿದೆ. ಪ್ರಾಬ್ಲಂ ನಿಂದು." ಆಮೇಲೆ ಫೋನ್ ನೋಡಿ ಹಣೆ ಗಂಟಿಕ್ಕಿದರು. "ಅಯ್ಯೋ, ನಿನ್ನ ಹೆಸರು ಮೊದಲೇ ಟೈಪ್ ಮಾಡಿದ್ದೆ. ಅದರಲ್ಲೇ ಸೇವ್ ಆಗೋಯ್ತು. ಫ್ರೀ ವರ್ಷನ್ನಲ್ಲಿ ಎರಡೇ ಫೇಸು. ಇರಲಿ ಬಿಡು, ಶನಿವಾರ ಎಲ್ಲಾ ರೀಸೆಟ್ ಮಾಡಿ ನಿಂದು ಹಾಕ್ತೀನಿ. ಹಬ್ಬದ ವೀಕಲ್ಲಿ ಯಾಕೆ ಡಿಸ್ಟರ್ಬ್ ಮಾಡೋದು?"

ಹೀಗೆ ನಮ್ಮ ಮನೆಯ ಬೀಗಕ್ಕೆ ಇಬ್ಬರ ಗುರುತು ಸಿಕ್ಕಿತು. ಒಬ್ಬರು ರೋಹಿತ. ಇನ್ನೊಬ್ಬರು ನೀಲಾ ಎಂಬ ಹೆಸರಿನ ಲಕ್ಷ್ಮಿ.

ಆ ವಾರವೆಲ್ಲ ನಾನು ಹೊರಗೆ ಹೋಗಬೇಕಾದರೆ ಬಾಗಿಲಿಗೆ ನನ್ನ ಒಂದು ಚಪ್ಪಲಿ ಅಡ್ಡ ಇಡುತ್ತಿದ್ದೆ. ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು. ಟಪಾಲು ತರುವುದು, ಕಸ ಹಾಕುವುದು ಎಲ್ಲ ಹಾಗೆಯೇ. ಎದುರುಮನೆಯ ಅಮೆರಿಕನ್ ಅಜ್ಜಿ ಇದನ್ನು ನಮ್ಮ ಪದ್ಧತಿ ಎಂದುಕೊಂಡಿರಬೇಕು. ನೋಡಿದಾಗಲೆಲ್ಲ ಗೌರವದಿಂದ ತಲೆ ಬಾಗಿಸುತ್ತಿದ್ದರು.

ಶುಕ್ರವಾರ ಮೂರು ಗಂಟೆಗೆ ಎಲ್ಲ ಸಿದ್ಧವಾಗಿತ್ತು. ಕಲಶಕ್ಕೆ ನನ್ನ ಮದುವೆಯ ಹಸಿರು ಸೀರೆ ಉಡಿಸಿ, ಮುಖ ಕೂರಿಸಿ, ಹೂ ಮುಡಿಸಿದ್ದೆ. ಹೋಳಿಗೆ, ಕೋಸಂಬರಿ, ಪುಳಿಯೋಗರೆ ಮೇಜಿನ ಮೇಲಿದ್ದವು. ದೀಪ ಉರಿಯುತ್ತಿತ್ತು. ನೋಡುತ್ತ ನಿಂತವಳಿಗೆ ಒಂದು ಫೋಟೋ ತೆಗೆಯಬೇಕೆನಿಸಿತು.

ಫೋಟೋ ನಮ್ಮ ಮನೆಯಲ್ಲಿ ರೋಹಿತರ ಕೆಲಸ. ಅವರ ಹತ್ತಿರ ಒಂದೇ ದಾಸವಾಳದ ನಾನ್ನೂರು ಫೋಟೋ ಇದೆ. ನನ್ನದು ಒಂದೂ ಇಲ್ಲ. ನಾನು ಕಣ್ಣು ಮುಚ್ಚಿರುತ್ತೇನೆ, ಇಲ್ಲವೆ ಕೆಳಗೆ ನೋಡುತ್ತಿರುತ್ತೇನೆ, ಅವರ ಹೊಸ ಸಾಫ್ಟ್‌ವೇರು ಅಂಥವನ್ನೆಲ್ಲ ತಾನೇ ಹುಡುಕಿ ಅಳಿಸುತ್ತದೆ. ಆದರೆ ಅವರು ತೆಗೆಯುವುದನ್ನು ಎರಡು ವರ್ಷ ನೋಡಿದ್ದೇನೆ. ಮೇಲಿನ ದೀಪ ಆರಿಸಿದೆ. ಕಿಟಕಿಯ ಪರದೆ ಅರ್ಧ ಸರಿಸಿದೆ. ನೆಲದ ಮೇಲೆ ಕೂತು, ಲಕ್ಷ್ಮಿಯ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿದು, ನೇರ ಎದುರಿನಿಂದ ಒಂದೇ ಒಂದು ತೆಗೆದೆ. ಹೆಂಗಸರ ಗುಂಪಿಗೆ ಕಳಿಸಿದೆ.

ಆಮೇಲೆ ಮಂಟಪಕ್ಕೆ ಬಣ್ಣದ ಲೈಟಿನ ಸರ ಹಾಕಲು ಪ್ಲಗ್ ಬೇಕಾಯಿತು. ಅಲ್ಲಿದ್ದ ಒಂದು ಪುಟ್ಟ ಬಿಳಿ ಡಬ್ಬಿಯನ್ನು ಕಿತ್ತಿಟ್ಟೆ. ಮುಂಬಾಗಿಲಿಗೆ ರಂಗೋಲಿ ಹಾಕುವುದೊಂದು ಉಳಿದಿತ್ತು. ರಂಗೋಲಿ ಡಬ್ಬಿ ಹಿಡಿದು ಹೊಸ್ತಿಲು ದಾಟಿದವಳು, ಅಭ್ಯಾಸದಂತೆ ಚಪ್ಪಲಿ ಅಡ್ಡ ಇಟ್ಟೆ. ನೋಡಿದೆ. ಲಕ್ಷ್ಮಿ ಒಳಗೆ ಬರುವ ದಿನ, ಹೊಸ್ತಿಲ ಮೇಲೆ ಚಪ್ಪಲಿ! ಛೆ ಎನಿಸಿತು. ಎತ್ತಿ ಪಕ್ಕಕ್ಕೆಸೆದೆ.

ಬಾಗಿಲು ಮೆಲ್ಲಗೆ ಮುಚ್ಚಿಕೊಂಡು, ಕಟಕ್ ಎಂದಿತು.

ಫೋನ್ ಒಳಗೆ, ರೋಹಿತರ ನಂಬರೂ ಅದರೊಳಗೆ. ಹಿಂಬಾಗಿಲಿಗೆ ಒಳಗಿನಿಂದ ಚಿಲಕ. ಗ್ಯಾರೇಜಿನ ರಿಮೋಟು ರೋಹಿತರ ಕಾರಿನಲ್ಲಿ, ಕಾರು ಅಲ್ಫರೆಟಾದ ಆಫೀಸಿನಲ್ಲಿ. ನಾನು ಬೀಗದ ಮುಂದೆ ನಿಂತೆ. ಹತ್ತು ಸೆಕೆಂಡಲ್ಲ, ಒಂದು ನಿಮಿಷ ನೇರ ನೋಡಿದೆ. ಈ ಸಲ ಕಣ್ಣು ಕೆಳಗಿಳಿಯಲಿಲ್ಲ. ಕೆಂಪು ದೀಪ ಹತ್ತಿ, "ಅನ್‌ನೋನ್ ಪರ್ಸನ್" ಎಂದಿತು. ಬಾಗಿಲ ಪಕ್ಕದ ಗಾಜಿನಲ್ಲಿ ಒಳಗೆ ಕೂತ ಲಕ್ಷ್ಮಿ ಕಾಣುತ್ತಿದ್ದಳು. ದೀಪಕ್ಕೆ ಇನ್ನೆರಡು ಗಂಟೆಯ ಎಣ್ಣೆಯಿತ್ತು.

ಬೇರೇನೂ ತೋಚದೆ ರಂಗೋಲಿ ಹಾಕಿದೆ. ಮುಗಿಯಿತು. ಇನ್ನೂ ದೊಡ್ಡದು ಮಾಡಿದೆ. ಐದು ಗಂಟೆಗೆ ಜಯಾ ಆಂಟಿಯ ಕಾರು ಬಂದಾಗ ಅದು ಡ್ರೈವ್‌ವೇ ಅರ್ಧಕ್ಕೆ ಬಂದಿತ್ತು.

"ಏನೇ ನೀಲಗಂಗಾ, ರಂಗೋಲಿ ಕಾಂಪಿಟಿಶನ್ನಾ?" ಎಂದಿನಂತೆ ನನ್ನ ಪೂರ್ತಿ ಹೆಸರು ಕರೆಯುತ್ತ ಆಂಟಿ ಸೀರೆ ಎತ್ತಿ ಹಿಡಿದು ಅಂಚಿನಲ್ಲಿ ದಾಟಿ ಬಂದರು. "ಕಾರ್ ಎಲ್ಲಿ ನಿಲ್ಸೋದು, ತಾವರೆ ಮೇಲಾ?"

"ಆಂಟಿ, ಬಾಗಿಲು..." ಎಂದೆ. ಅಷ್ಟರಲ್ಲಿ ಹೆಂಗಸರ ಗುಂಪಿನ ರಚನಾ ಬಂದಳು, ಮಿಕ್ಕವರೂ ಬಂದರು. ಹನ್ನೊಂದು ರೇಷ್ಮೆ ಸೀರೆಗಳು ಜಾರ್ಜಿಯಾದ ಆಗಸ್ಟ್ ಬಿಸಿಲಿನಲ್ಲಿ ನಿಂತು ನನ್ನ ಬಾಯಿಯನ್ನೇ ನೋಡಿದವು. ಇಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ಕಾದದ್ದು ಅದೇ ಮೊದಲು. ನೆಲ ನೋಡಿಕೊಂಡೇ ಎಲ್ಲವನ್ನೂ ಹೇಳಿದೆ.

"ನಿನ್ನ ಮನೇಗೆ ನಿನ್ನ ಮುಖ ಆಗಲ್ವಾ?" ಎಂದಳು ರಚನಾ, ನಗು ತಡೆಯಲಾರದೆ.

ಆಂಟಿ ರೋಹಿತರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಅವರು ಜಿಎ-400 ಹೆದ್ದಾರಿಯ ಟ್ರಾಫಿಕ್ಕಿನಲ್ಲಿದ್ದರು.

"ಇಷ್ಟೇನಾ ಆಂಟಿ? ಆ್ಯಪ್‌ನಿಂದ ಇಲ್ಲಿಂದಲೇ ತೆಗೀತೀನಿ, ನೋಡ್ತಾ ಇರಿ!"

ಎಲ್ಲರೂ ನೋಡಿದೆವು. ಬೀಗ ಸುಮ್ಮನಿತ್ತು.

"ಲಾಕ್ ಆಫ್‌ಲೈನ್ ಅಂತಿದೆಯಲ್ಲಾ. ನೀಲಾ, ಮಂಟಪದ ಹಿಂದೆ ಒಂದು ವೈಟ್ ಬಾಕ್ಸ್ ಇದೆ ನೋಡು, ಲಾಕ್‌ಗೆ ಇಂಟರ್ನೆಟ್ ಕೊಡೋದೇ ಅದು. ಯಾರೂ ಮುಟ್ಟಿಲ್ಲ ತಾನೆ?"

ಒಳಗೆ ಬಣ್ಣದ ಲೈಟುಗಳು ಮಿಣಿಮಿಣಿ ಎನ್ನುತ್ತಿದ್ದವು.

"ಮನೇಲಿ ಎರಡು ಫೇಸ್ ಮಾತ್ರ ವರ್ಕ್ ಆಗೋದು ಆಂಟಿ. ನಾನು ಬರೋಕೆ ಫಾರ್ಟಿ ಮಿನಿಟ್ಸ್. ಇನ್ನೊಂದು ಒಳಗಿದೆ."

"ಒಳಗಿರೋದು ಲಕ್ಷ್ಮೀನೋ!" ಆಂಟಿ ಫೋನಿಗೆ ಗದರಿದರು. "ಎದ್ದು ಬಂದು ಬಾಗಿಲು ತೆಗೀತಾಳಾ?"

ಹಿಂದೆ ಯಾರೋ ಪಾರ್ಕಿಗೆ ಹೋಗಿ ಕುಂಕುಮ ಹಂಚೋಣವೇ ಎಂದರು. ಇನ್ನೊಬ್ಬರು ತಾವು ಇನ್ನೂ ಎರಡು ಮನೆಗೆ ಹೋಗಬೇಕು ಎಂದು ಗಡಿಯಾರ ನೋಡಿಕೊಂಡರು. ಆಗ ಆಂಟಿಯ ಚೀಲ ಕಣ್ಣಿಗೆ ಬಿತ್ತು. ಆಂಟಿಗೆ ಸಣ್ಣಕ್ಷರ ಕಾಣುವುದಿಲ್ಲ. ಅಷ್ಟೋತ್ತರ ಓದಲು ಎಲ್ಲಿಗೆ ಹೋದರೂ ದೊಡ್ಡದೊಂದು ಟ್ಯಾಬ್ಲೆಟ್ ತರುತ್ತಾರೆ. ಮೊರದಷ್ಟು ಅಗಲ.

"ಆಂಟಿ," ಎಂದೆ, "ನಾನು ಕಳ್ಸಿದ್ದ ಫೋಟೋ ಅದರಲ್ಲಿ ಬಂದಿದ್ಯಾ?"

ಬಂದಿತ್ತು. ಲಕ್ಷ್ಮಿಯ ಮುಖವಷ್ಟೇ ಪರದೆ ತುಂಬುವಂತೆ ದೊಡ್ಡದು ಮಾಡಿದೆ. ಎರಡೂ ಕೈಯಲ್ಲಿ ಟ್ಯಾಬ್ಲೆಟ್ ಎತ್ತಿ ಬೀಗದ ಮುಂದೆ ಹಿಡಿದೆ. ಬಿಸಿಲು ಬಿದ್ದು ಕೆಂಪು ದೀಪ ಬಂತು. ರಚನಾ ಸೆರಗು ಬಿಡಿಸಿ ಮೇಲೆ ನೆರಳು ಹಿಡಿದಳು. ಆಂಟಿ ಅದೇಕೋ ಅಷ್ಟೋತ್ತರ ಶುರುಮಾಡಿದರು. ಬಾಯಿಪಾಠ ಬರುತ್ತಿತ್ತೆಂದು ಆಗ ಗೊತ್ತಾಯಿತು.

ಹಸಿರು ದೀಪ.

"ವೆಲ್‌ಕಮ್ ಹೋಮ್, ನೀಲಾ," ಎಂದಿತು ಬೀಗ.

ಹನ್ನೊಂದು ಜನ ಹೋ ಎಂದು ಒಳಗೆ ನುಗ್ಗಿದರು. ಚಪ್ಪಾಳೆಗೆ ಮೂಲೆಯ ದೀಪ ಹತ್ತಿ ಆರಿತು. ಗಡಿಯಾರ ನೋಡಿಕೊಂಡವರು ಎರಡು ಹೋಳಿಗೆ ತಿಂದರು. ಒಬ್ಬೊಬ್ಬರಿಗೂ ನಾನೇ ಕುಂಕುಮ ಕೊಟ್ಟೆ. "ಫೋಟೋ ಯಾರು ತೆಗೆದಿದ್ದು, ರೋಹಿತನಾ?" ಎಂದು ಆಂಟಿ ಕೇಳಿದರು. "ನಾನೇ," ಎಂದೆ. "ಮುಂದಿನ ವರ್ಷ ನಮ್ಮನೆ ಲಕ್ಷ್ಮೀದೂ ನೀನೇ ತೆಗಿಬೇಕು," ಎಂದರು.

ಆರತಿಯ ಹೊತ್ತಿಗೆ ರೋಹಿತ ಬಂದರು. ನಡೆದದ್ದನ್ನು ಕೇಳಿ ಮುಖ ಅರಳಿತು.

"ಫೋಟೋಗೇ ಓಪನ್ ಆಯ್ತಾ? ಏನ್ ಸೆಕ್ಯುರಿಟಿ ಹೋಲ್ ಇದು! ಇಂಟರ್ನೆಟ್ಟಲ್ಲಿ ಯಾರೂ ಬರೆದಿಲ್ಲ. ಆಂಟಿ, ಆ ಟ್ಯಾಬ್ಲೆಟ್ ಕೊಡಿ ಒಂದ್ನಿಮಿಷ!"

ಒಂದು ನಿಮಿಷ ಒಂದೂವರೆ ಗಂಟೆಯಾಯಿತು. ಹೊರಗಿನಿಂದ "ವೆಲ್‌ಕಮ್ ಹೋಮ್, ನೀಲಾ" ಎಂಬುದು ಕೇಳುತ್ತಲೇ ಇತ್ತು. ಎಲ್ಲರನ್ನೂ ಕಳಿಸಿ, ಹೊಸ್ತಿಲಿಗೆ ಕಾಲು ಅಡ್ಡ ಇಟ್ಟು ನಿಂತೆ. ರೋಹಿತ ಮೆಟ್ಟಿಲ ಮೇಲೆ ಕೂತು ಸ್ನೇಹಿತರಿಗೆ ಇವತ್ತಿನ ಡಿಸ್ಕವರಿ ಟೈಪ್ ಮಾಡುತ್ತಿದ್ದರು.

"ರೀ," ಎಂದೆ.

ಅವರು ಟೈಪ್ ಮಾಡುತ್ತಲೇ ಇದ್ದರು. ಬೀಗದ ಕಪ್ಪು ಕಣ್ಣು ನನ್ನನ್ನು ನೋಡುತ್ತಿತ್ತು. ನಾನೂ ಅದನ್ನು ನೋಡಿದೆ.

"ಶನಿವಾರ ಬೇಡ ರೀ. ನನ್ನ ಮುಖ ಇವತ್ತೇ ಸೇರಿಸಿ."