ಗಾಳಿ ತಡೆಯುವ ಸಾಲು

“ಆ ಸಾಲೂ ಹೋಗ್ಬೇಕಾಗುತ್ತೆ ಸಾರ್,” ಎಂದಳು ಕೆಲ್ಸಿ, ಮನೆಯ ವಾಯವ್ಯದ ಕಡೆ ಕೈ ತೋರಿಸಿ.

“ಯಾವ ಸಾಲು?” ಎಂದ ಮಿಲೊ ಹವ್ರಾನೆಕ್. ಅಲ್ಲಿದ್ದದ್ದು ಒಂದೇ ಸಾಲು, ಗಾಳಿ ತಡೆಯಲೆಂದು ಅಪ್ಪ ನೆಟ್ಟ ಸೀಡರ್ ಮರಗಳದ್ದು. ಅದು ಅವನಿಗೂ ಗೊತ್ತಿತ್ತು.

ಕೆಲ್ಸಿ ನೆಬ್ರಾಸ್ಕಾದ ವನ್ಯಜೀವಿ ಇಲಾಖೆಯವಳು. ಈ ಮಾತುಕತೆಗಾಗಿ ಅವಳು ಆ ಅಂಗಳಕ್ಕೆ ಎಷ್ಟು ಸಲ ಬಂದುಹೋಗಿದ್ದಳೆಂದರೆ ನಾಯಿ ಬೊಗಳುವುದನ್ನೇ ಬಿಟ್ಟಿತ್ತು. ಮಿಲೊನ ಹುಲ್ಲುಗಾವಲಿನ ತುಂಬ ಸೀಡರ್ ಗಿಡಗಳು ಎದ್ದಿದ್ದವು. ಅವುಗಳ ಬುಡದಲ್ಲಿ ಹುಲ್ಲು ಸಾಯುತ್ತಿತ್ತು. ಗುಡ್ಡದ ನೆತ್ತಿಯ ಮೇಲೆ ವಸಂತದಲ್ಲಿ ಕುಣಿಯುತ್ತಿದ್ದ ಕಾಡುಕೋಳಿಗಳ ಪತ್ತೆಯಿರಲಿಲ್ಲ. ಅವಳು ತಂದ ಒಪ್ಪಂದ ಇಷ್ಟು: ಇಲಾಖೆಯೇ ಖರ್ಚು ಹಾಕಿ ಸೀಡರ್ ತೆಗೆಸುತ್ತದೆ, ಈ ನೆಲದ್ದೇ ಹುಲ್ಲಿನ ಬೀಜ ಬಿತ್ತಿಸುತ್ತದೆ. ಬದಲಿಗೆ ಮಿಲೊ ಕೆಲವು ವರ್ಷ ಬೇಟೆಯವರಿಗೆ ಜಮೀನು ತೆರೆದಿಡಬೇಕು. ಯಾರು ಬೇಕಾದರೂ ಕೋವಿ ಹಿಡಿದು ನಡೆದು ಬರಬಹುದು, ಕೇಳಬೇಕಾಗಿಲ್ಲ.

ಆ ಷರತ್ತನ್ನು ನುಂಗಲಿಕ್ಕೇ ಅವನಿಗೆ ಒಂದು ಬೇಸಿಗೆ ಹಿಡಿದಿತ್ತು. ಬೇಟೆಗೆ ಬಂದವನು ಬಾಗಿಲು ತಟ್ಟಿ, ಟೋಪಿ ತೆಗೆದು ಕೇಳುವುದು ಆ ಕಡೆಯ ಮರ್ಯಾದೆ. ಕ್ರಿಸ್‌ಮಸ್ ಹೊತ್ತಿಗೆ ಅವನೇ ಜಿಂಕೆ ಮಾಂಸದ ಸಾಸೇಜು ತಂದುಕೊಟ್ಟು ಹೋಗುತ್ತಾನೆ. ಕೇಳದೆ ಬರುವವನು ಕಳ್ಳ. ಅಂಥದ್ದರಲ್ಲಿ ಬೇಲಿಗೆ ಫಲಕ ಹೊಡೆದು, ಬನ್ನಿ ಬನ್ನಿ ಎಂದು ಊರನ್ನೆಲ್ಲ ಕರೆಯುವುದಕ್ಕೆ ಅವನು ಹೂಂ ಅಂದಿದ್ದ. ಈಗ ನೋಡಿದರೆ ಹೊಸ ತಗಾದೆ.

“ಈ ಸಾಲಿನ ಹಣ್ಣು ತಿಂದೇ ಹಕ್ಕಿಗಳು ಎಲ್ಲಾ ಕಡೆ ಬೀಜ ಉದುರಿಸ್ತಿರೋದು,” ಎಂದಳು ಕೆಲ್ಸಿ. “ಇದನ್ನ ಬಿಟ್ಟು ಹುಲ್ಲುಗಾವಲು ಮಾತ್ರ ಸವರಿದ್ರೆ, ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ. ಮೇಲಾಗಿ ಇದರ ತುದೀಲಿ ಗಿಡುಗ ಕೂರುತ್ತೆ. ಗಿಡುಗ ಕೂರೋ ಕಡೆ ಕಾಡುಕೋಳಿ ಮೊಟ್ಟೆ ಇಡಲ್ಲ.”

“ಈ ಮರ ನೆಡೋಕೆ ನಮ್ಮಪ್ಪನಿಗೆ ದುಡ್ಡು ಕೊಟ್ಟಿದ್ದು ಯಾರು ಹೇಳಮ್ಮ?”

“ಸರ್ಕಾರ.”

“ಈಗ ಕಡಿಯೋಕೆ ಕೊಡ್ತೀನಿ ಅಂತ ಬಂದಿರೋದು?”

“ಸರ್ಕಾರಾನೇ ಸಾರ್. ಆಗ ನಾನು ಹುಟ್ಟಿರ್ಲಿಲ್ಲ.”

“ನಾನು ಸತ್ತ ಮೇಲೆ ಇನ್ನೊಬ್ಳು ಬಂದು ಮತ್ತೆ ನೆಡಿ ಅಂತಾಳೆ. ಬರೆದಿಟ್ಕೊ.”

ಕೆಲ್ಸಿ ಬರೆದುಕೊಳ್ಳಲಿಲ್ಲ. ಸೋಮವಾರದೊಳಗೆ ಹೇಳಿ, ಇಲ್ಲದಿದ್ದರೆ ಈ ಚಳಿಗಾಲ ಮರ ಕಡಿಯುವ ಯಂತ್ರ ಬೇರೆ ಜಮೀನಿಗೆ ಹೋಗುತ್ತದೆ ಎಂದು ಹೊರಟುಹೋದಳು. ಪಾಪ, ಅವಳಿಗೂ ಸಾಕಾಗಿತ್ತು.

ಒಳಗೆ ಹೆಂಡತಿ ಡೋರೀನ್ ಎಲ್ಲವನ್ನೂ ಕಿಟಕಿಯಿಂದಲೇ ಕೇಳಿಸಿಕೊಂಡಿದ್ದಳು. ಮಿಲೊ ಕೂತ. ಕಾಫಿ ತಣ್ಣಗಾಗಿದೆ ಎಂದ. ಅಪ್ಪ ಬರಗಾಲದಲ್ಲಿ ಕೈಯಾರೆ ಬೆಳೆಸಿದ ಮರ ಎಂದ. ಸುಗ್ಗಿಯಲ್ಲಿ ಆ ನೆರಳಿನಲ್ಲಿ ಕೂತು ನಿಂಬೆ ಪಾನಕ ಕುಡಿದದ್ದು, ಅಪ್ಪ ಕಾಂಡಕ್ಕೆ ಒರಗಿ ಗೊರಕೆ ಹೊಡೆದದ್ದು, ಎಲ್ಲವನ್ನೂ ಅವಳು ಹೊಸದಾಗಿ ಮದುವೆಯಾಗಿ ಬಂದವಳೇನೋ ಎಂಬಂತೆ ಹೇಳಿದ.

“ಹಸು ಏನು ತಿನ್ನುತ್ತೆ, ನಿಮ್ಮಪ್ಪನ ನೆನಪನ್ನಾ?” ಎಂದಳು ಡೋರೀನ್. “ಹೋದ ವರ್ಷ ಅರ್ಧ ಮಂದೆ ಮಾರಿದ್ವಿ. ಉಳಿದರ್ಧಕ್ಕೆ ಹುಲ್ಲೆಲ್ಲಿದೆ? ನಿನ್ನ ನೋಯೋ ಮಂಡಿ ಇಟ್ಕೊಂಡು ಆ ಗಿಡ ನೀನೇ ಕಡೀತೀಯಾ? ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಬೇಡ ಅನ್ನು.”

ಬೇಡ ಎನ್ನುವ ಧೈರ್ಯ ಮಿಲೊಗೆ ಇರಲಿಲ್ಲ. ಅವಳು ಹೇಳಿದ್ದು ಸರಿ ಎಂಬುದೇ ದೊಡ್ಡ ತೊಂದರೆ. ಹೂಂ ಎನ್ನಲು ಮನಸ್ಸಿರಲಿಲ್ಲ. ಇಂಥ ಗಂಡಸರು ಇನ್ನೊಬ್ಬರ ಹೆಗಲ ಮೇಲೆ ಕೋವಿ ಇಟ್ಟು ಹೊಡೆಯುತ್ತಾರೆ. ಅವನಿಗೆ ಅಕ್ಕನ ನೆನಪಾಯಿತು.

ಅಕ್ಕ ಲಿಬಿ ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಪೇಟೆಯಲ್ಲಿ ಮನೆ ಮಾಡಿಕೊಂಡು ಚರ್ಚಿನ ಅಡುಗೆಮನೆಯನ್ನು ಆಳುತ್ತಿದ್ದಳು. ಆ ಮರಗಳನ್ನು ಬೆಳೆಸಿದವರಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ. ಅವಳು ಬಂದು ಎರಡು ಹನಿ ಕಣ್ಣೀರು ಹಾಕಿದರೆ ಡೋರೀನ್ ಬಾಯಿ ಮುಚ್ಚುತ್ತಾಳೆ ಎಂಬುದು ಮಿಲೊನ ಲೆಕ್ಕ. ಶನಿವಾರ ಬೆಳಿಗ್ಗೆಯೇ ಹೋಗಿ ಅವಳನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಬಂದ. ಅವಳ ಮಡಿಲಲ್ಲಿ ಗಸಗಸೆ ತುಂಬಿದ ಕೊಲಾಚಿ ಬನ್ನುಗಳ ತಟ್ಟೆಯಿತ್ತು. ದಾರಿಯುದ್ದಕ್ಕೂ ಮಿಲೊ ಸರ್ಕಾರವನ್ನು ಬೈದ, ಬೇಟೆಯವರನ್ನು ಬೈದ. ಲಿಬಿ ತಟ್ಟೆ ಜಾರದಂತೆ ಹಿಡಿದುಕೊಂಡು ಕೂತಿದ್ದಳು.

ಸಾಲಿನ ಎದುರು ಗಾಡಿ ನಿಲ್ಲಿಸಿದ. ಡೋರೀನ್ ಕೈ ಒರೆಸಿಕೊಳ್ಳುತ್ತ ಬಂದು ಕಿಟಕಿಯ ಪಕ್ಕ ನಿಂತಳು.

“ನೀನೇ ಹೇಳಕ್ಕ ಇವಳಿಗೆ,” ಎಂದ ಮಿಲೊ. “ಇದನ್ನ ಕಡೀಬೇಕಂತೆ.”

ಲಿಬಿ ಮರಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಯಾವತ್ತು?” ಎಂದಳು.

“ಏನು ಯಾವತ್ತು?”

“ಕಡಿಯೋದು ಯಾವತ್ತು ಅಂದೆ. ಆವತ್ತು ಚರ್ಚಲ್ಲಿ ಊಟ ಇದ್ರೆ ಬೇರೆಯೋರಿಗೆ ಒಪ್ಪಿಸ್ಬೇಕಲ್ಲ. ನಾನು ನೋಡ್ಬೇಕು.”

“ಅಕ್ಕ, ಅಪ್ಪ ಬೆಳೆಸಿದ ಮರ ಕಣೇ.”

“ಅಪ್ಪ ನೆಟ್ಟ. ಅಷ್ಟೇ.” ಲಿಬಿಯ ದನಿ ಏರಲಿಲ್ಲ. “ನೀರು ಹೊತ್ತೋಳು ನಾನು. ಗಾಳಿಯಂತ್ರದ ತೊಟ್ಟಿಯಿಂದ ಇಲ್ಲೀವರೆಗೆ, ದಿನಾ ಸಂಜೆ, ಮಳೆ ಇಲ್ಲದ ಅಷ್ಟೂ ವರ್ಷ. ಕತ್ತಲಾದ್ಮೇಲೆ ಅಪ್ಪ ಬಂದು ಒಂದೊಂದು ಬುಡಕ್ಕೂ ಬೆರಳು ಚುಚ್ಚಿ ನೋಡೋನು. ಒಣಗಿದ್ರೆ ವಾಪಸ್ ಕಳಿಸೋನು. ಸ್ಕೂಲಿನ ಒಂದು ನಾಟಕಕ್ಕೆ ಹೋಗ್ಲಿಲ್ಲ, ಒಂದು ಹುಟ್ಟುಹಬ್ಬಕ್ಕೆ ಹೋಗ್ಲಿಲ್ಲ. ಕರೆಯೋಕೆ ಬಂದೋರಿಗೆ ನಮ್ಮನೇಲಿ ಮರ ಇದೆ ಅಂತ ಹೇಳಿ ಕಳಿಸ್ತಿದ್ದೆ. ಮಗು ಇದೆ ಅಂದ ಹಾಗೆ.”

ಮಿಲೊ ಏನೋ ಹೇಳಲು ಬಾಯಿ ತೆರೆದ.

“ಮಗೂನೂ ಇತ್ತು,” ಎಂದಳು ಲಿಬಿ. “ಅಮ್ಮ ಹಾಲು ಕರೆಯೋಕೆ ಹೋಗೋಳು. ಒಂದು ಕೈಲಿ ಬಕೆಟ್ಟು, ಇನ್ನೊಂದು ಕಂಕುಳಲ್ಲಿ ನೀನು. ನೀರಿಗಿಂತ ನೀನೇ ಭಾರ ಇದ್ದೆ ಕಣೋ.”

ಡೋರೀನ್ ನಗಲಿಲ್ಲ. ಕಿಟಕಿಯಿಂದ ಕೈ ಹಾಕಿ ಕೊಲಾಚಿಯ ತಟ್ಟೆಯನ್ನು ಇಸಿದುಕೊಂಡು ಒಳಗೆ ಹೋದಳು. ಮಿಲೊಗೆ ಅಕ್ಕನ ಮೇಲೆ ಸಿಟ್ಟು ಬಂತು. ಎಪ್ಪತ್ತು ವರ್ಷ ಸುಮ್ಮನಿದ್ದವಳು ಇನ್ನೊಂದು ವಾರ ಸುಮ್ಮನಿರಬಾರದಿತ್ತೇ ಎನ್ನಿಸಿತು. ಆಮೇಲೆ ಆ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಸೋಮವಾರ ಕೆಲ್ಸಿಗೆ ಫೋನು ಮಾಡಿ, “ಆಯ್ತಮ್ಮ, ಎಲ್ಲಾ ತೆಗಿ,” ಎಂದ.

ಫೆಬ್ರವರಿಯಲ್ಲಿ, ಹಕ್ಕಿಗಳು ಗೂಡು ಕಟ್ಟುವ ಮೊದಲು, ಯಂತ್ರ ಬಂತು. ನೆಲ ಹೆಪ್ಪುಗಟ್ಟಿತ್ತು. ಲಿಬಿ ಭಾನುವಾರದ ಕೋಟು ತೊಟ್ಟುಕೊಂಡು ಬಂದಿದ್ದಳು. ಚಳಿಗೆ ಇಳಿಯಲಾಗದೆ ಅಕ್ಕತಮ್ಮ ಇಬ್ಬರೂ ಪಿಕಪ್ಪಿನಲ್ಲೇ ಕೂತರು. ಹೀಟರಿಗಾಗಿ ಎಂಜಿನ್ ಓಡುತ್ತಿತ್ತು. ಅವಳು ಚಪ್ಪಾಳೆ ತಟ್ಟುತ್ತಾಳೆಂದೇ ಮಿಲೊ ತಿಳಿದಿದ್ದ. ಅದನ್ನು ನೋಡಬಾರದೆಂದು ತನ್ನ ಕೈಗವಸು ನೋಡುತ್ತ ಕೂತ.

ಯಂತ್ರ ಮೊದಲ ಮರವನ್ನು ಬುಡದಲ್ಲಿ ಕಚ್ಚಿ, ಕತ್ತರಿಸಿ, ಪಕ್ಕಕ್ಕೆ ಮಲಗಿಸಿತು.

“ಇರ್ಮಾ,” ಎಂದಳು ಲಿಬಿ.

ಎರಡನೆಯದು ಬಿತ್ತು.

“ವ್ಲಾಸ್ತಾ.”

“ಏನಕ್ಕ ಅದು?”

“ಹೆಸರು.” ಅವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. “ನಮ್ಮ ಕ್ಲಾಸಿನ ಹುಡುಗೀರ ಹೆಸರನ್ನೇ ಮರಗಳಿಗೆ ಇಟ್ಟಿದ್ದೆ. ಆಟಕ್ಕೆ ಬೇರೆ ಯಾರಿದ್ರು ನಂಗೆ?”

ಯಂತ್ರ ಮೂರನೆಯದರ ಕಡೆ ತಿರುಗಿತು. ಲಿಬಿಯ ತುಟಿ ಅಲುಗಿತು, ಹೀಟರಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಮಿಲೊ ಕೈ ಚಾಚಿ ಎಂಜಿನ್ ಆರಿಸಿದ.

“ಇನ್ನೊಂದ್ಸಲ ಹೇಳು,” ಎಂದ.